ವರ್ತಕನು ಆರಿಸಿದ ತೆಪ್ಪ

"ಗುರುಗಳೇ, ಬೋಧೆಗಳು ನೂರಾರು ಇವೆ. ಕಷ್ಟಕಾಲದಲ್ಲಿ ಕೈಬಿಡದ ಬೋಧೆ ಯಾವುದು? ಅದನ್ನು ಹೇಗೆ ಆರಿಸಿಕೊಳ್ಳಬೇಕು?" ಎಂದು ಸಾಂತಯ್ಯ ಕೇಳಿದ.

ಸಾಂತಯ್ಯ ಆ ಮಠಕ್ಕೆ ಬಂದು ಬಹಳ ವರ್ಷಗಳಾಗಿದ್ದವು. ಅದಕ್ಕೂ ಮೊದಲು ಬೇರೆ ಬೇರೆ ಮಠಗಳಲ್ಲಿದ್ದ. ಹೋದಲ್ಲೆಲ್ಲ ಒಳ್ಳೆಯ ಮಾತುಗಳನ್ನು ಬಾಯಿಪಾಠ ಮಾಡಿಕೊಂಡಿದ್ದ. ಆದರೆ ಹಿಂದಿನ ತಿಂಗಳು ತಾಯಿ ತೀರಿಕೊಂಡ ಸುದ್ದಿ ಬಂದಾಗ ಅವುಗಳಲ್ಲಿ ಒಂದೂ ಅವನ ನೆರವಿಗೆ ಬರಲಿಲ್ಲ. ಆ ಮಾತುಗಳನ್ನು ಹೇಳಿಕೊಂಡ, ಅತ್ತ, ಮತ್ತೆ ಹೇಳಿಕೊಂಡ. ತಾನು ಆರಿಸಿಕೊಂಡದ್ದರಲ್ಲೇ ಎಲ್ಲೋ ತಪ್ಪಾಗಿದೆ ಎಂಬ ಸಂಶಯ ಅಂದಿನಿಂದ ಅವನನ್ನು ಕೊರೆಯುತ್ತಿತ್ತು.

ಗುರುಗಳು ಅಂಗಳದಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದರು. ಕೈ ನಿಲ್ಲಿಸಲಿಲ್ಲ. "ಆರಿಸುವ ವಿಷಯ ಕೇಳಿದೆಯಲ್ಲ, ಒಬ್ಬ ವರ್ತಕನ ಕತೆ ಹೇಳುತ್ತೇನೆ. ಅವನಷ್ಟು ಚೆನ್ನಾಗಿ ಆರಿಸಿದವನನ್ನು ನಾನು ಕೇಳಿಲ್ಲ" ಎಂದರು. ಆಮೇಲೆ ಹೇಳತೊಡಗಿದರು.

ಕಡಲತಡಿಯ ರೇವಿನಲ್ಲಿ ಒಬ್ಬ ವರ್ತಕನಿದ್ದ. ಅವನಲ್ಲಿ ಒಂದು ಮಂಜಿ ಇತ್ತು. ಮಂಜಿ ಎಂದರೆ ಸರಕು ಸಾಗಿಸುವ ದೊಡ್ಡ ಹಾಯಿದೋಣಿ. ಅಕ್ಕಿ, ಮೆಣಸು, ಹೆಂಚು ಎಲ್ಲವನ್ನೂ ಅದರಲ್ಲಿ ಕಳಿಸಿ ಅವನು ಬೇಕಾದಷ್ಟು ಗಳಿಸಿದ್ದ. ಹೆಂಡತಿ ತೀರಿಹೋಗಿದ್ದಳು. ಇದ್ದವಳು ಒಬ್ಬಳೇ ಮಗಳು. ಅವಳಿಗೆ ಘಟ್ಟದ ಮೇಲಿನ ಊರಿಗೆ ಮದುವೆ ಗೊತ್ತಾಯಿತು.

ಮಗಳು ಒಂದೇ ಒಂದು ಕೇಳಿದಳು. "ಅಪ್ಪಯ್ಯ, ಅಲ್ಲಿ ಕಡಲಿಲ್ಲ. ಹೋಗೋ ಮುಂಚೆ ಒಂದು ಸಲ ನಮ್ಮ ಮಂಜಿಯಲ್ಲಿ ದಡದುದ್ದಕ್ಕೂ ಹೋಗಿ ಬರ್ಬೇಕು. ದಾರಿಯಲ್ಲಿ ಸಿಕ್ಕಿದ ದೇವಸ್ಥಾನ ಎಲ್ಲ ನೋಡ್ಬೇಕು."

ವರ್ತಕ ಒಪ್ಪಿದ. ಒಪ್ಪಿದ ಮೇಲೆ ಅವನಿಗೆ ಭಯ ಹಿಡಿಯಿತು. ಅವನಿಗೂ ಮಗಳಿಗೂ ಈಜು ಬರುತ್ತಿರಲಿಲ್ಲ. ಸರಕು ಮುಳುಗಿದರೆ ನಷ್ಟ, ಮುಂದಿನ ವರ್ಷ ತುಂಬಿಕೊಳ್ಳಬಹುದು. ಮಗಳನ್ನು ಯಾವ ವರ್ಷ ತುಂಬಿಕೊಳ್ಳುವುದು? ಮಂಜಿ ಮುಳುಗಿದರೆ ಹತ್ತಿ ಕೂರಲು ಒಂದು ತೆಪ್ಪ ಬೇಕೇ ಬೇಕು ಎಂದು ಅವನು ತೀರ್ಮಾನಿಸಿದ. ಇಷ್ಟು ವರ್ಷ ಅದೇ ಮಂಜಿಯಲ್ಲಿ ನಾವಿಕರು ಹೋಗಿ ಬರುತ್ತಿದ್ದರು, ಆಗ ಅವನಿಗೆ ತೆಪ್ಪ ನೆನಪಾಗಿರಲಿಲ್ಲ. ಇರಲಿ, ಅದು ಬೇರೆ ಕತೆ.

ಅವನು ತೆಪ್ಪ ಹುಡುಕಲು ಹೊರಟ. ಜೊತೆಗೆ ಮಂಜಿ ನಡೆಸುವ ತಂಡೇಲನನ್ನು ಕರೆದುಕೊಂಡ. ತಂಡೇಲ ಕಡಲಲ್ಲೇ ಕೂದಲು ನರೆತವನು, ಮಾತು ಕಡಿಮೆ. ಮೊದಲು ಒಬ್ಬ ತೊಗಲು ಹೊದಿಸಿದ ಹರಿಗೋಲು ತೋರಿಸಿದ. ನೋಡಲು ಚೆನ್ನಾಗಿತ್ತು, ಹಗುರವಾಗಿತ್ತು. "ಹೊಳೆಯಲ್ಲಿ ಇದಕ್ಕೆ ಸರಿಸಾಟಿ ಇಲ್ಲ" ಎಂದ. ತಂಡೇಲ, "ನಾವು ಹೊಳೆಯಲ್ಲಿ ಮುಳುಗೋರಲ್ಲ" ಎಂದ. ಅದು ಅಲ್ಲಿಗೆ ಮುಗಿಯಿತು.

ಇನ್ನೊಬ್ಬ ಒಂದೇ ಮರದ ದಿಮ್ಮಿ ಕೊರೆದ ದೋಣಿ ತೋರಿಸಿದ. ಬಂಡೆಗೆ ಬಡಿದರೂ ಒಡೆಯದು, ಆದರೆ ಅದನ್ನು ಎತ್ತಿ ನೀರಿಗೆ ಹಾಕಲು ಮಂಜಿಯ ಮಂದಿಯೆಲ್ಲ ಸೇರಬೇಕಿತ್ತು. ಮುಳುಗುವ ಮಂಜಿ ಅಷ್ಟು ಹೊತ್ತು ಕಾಯುವುದಿಲ್ಲ. ಮತ್ತೊಂದು ಕಡೆ ಬಿದಿರಿನ ಭಾರಿ ತೆಪ್ಪವಿತ್ತು. ಮದುವೆಯ ಚಪ್ಪರದಷ್ಟು ದೊಡ್ಡದು. ವರ್ತಕನಿಗೆ ಅದು ಮನಸ್ಸಿಗೆ ಬಂತು. ದೊಡ್ಡದಾದಷ್ಟೂ ಒಳ್ಳೆಯದು ಎಂಬುದು ಹಣವಿದ್ದವರ ಮೊದಲ ಲೆಕ್ಕ. ಆದರೆ ಕಟ್ಟಿದವನೇ ಬೇಡವೆಂದ. ಜನ ಕಡಿಮೆಯಾದರೆ ತೆಪ್ಪಕ್ಕೆ ಭಾರ ಸಾಲದು, ಗಾಳಿ ಅಡಿಗೆ ನುಗ್ಗಿ ಅದನ್ನು ಮೊರದ ಹಾಗೆ ಮಗುಚುತ್ತದೆ ಎಂದ. "ಎಷ್ಟು ಮಂದಿಯೋ ಅಷ್ಟಕ್ಕೇ ತೆಪ್ಪ ಇರಬೇಕು ಒಡೇರೆ" ಎಂದ.

ಈ ಮಾತು ವರ್ತಕನಿಗೆ ಹಿಡಿಸಿತು. ಅವನಿಂದಲೇ ಹೊಸ ತೆಪ್ಪ ಕಟ್ಟಿಸಿದ. ಅಕ್ಕಿ ತೂಗುವ ತಕ್ಕಡಿಯಲ್ಲಿ ತನ್ನನ್ನು, ಮಗಳನ್ನು, ತಂಡೇಲನನ್ನು, ನಾವಿಕರನ್ನು ಒಬ್ಬೊಬ್ಬರನ್ನಾಗಿ ತೂಗಿಸಿದ. ಊರವರು ನಕ್ಕರು. ಮಂಜಿಗಿಲ್ಲದ ಓಡಾಟ ತೆಪ್ಪಕ್ಕೆ ಎಂದರು. ಅವನು ಕಿವಿಗೆ ಹಾಕಿಕೊಳ್ಳಲಿಲ್ಲ. ಬೂರುಗದ ಮರ ತರಿಸಿದ, ಅದು ಹಗುರ. ನಾರಿನ ಹಗ್ಗ ತರಿಸಿದ, ಉಪ್ಪುನೀರಿಗೆ ಅದು ಬೇಗ ಕೊಳೆಯುವುದಿಲ್ಲ. ನೀರಿಗೆ ಬಿದ್ದವರು ಹಿಡಿದುಕೊಳ್ಳಲು ಸುತ್ತಲೂ ಹಗ್ಗದ ಕುಣಿಕೆ ಹಾಕಿಸಿದ. ಎಲ್ಲ ಮುಗಿದ ಮೇಲೆ ಎಲ್ಲರ ತೂಕದಷ್ಟು ಮರಳಿನ ಮೂಟೆ ಹೇರಿ, ಹೊಳೆ ಕಡಲು ಸೇರುವ ಅಳಿವೆಯ ಅಲೆಗಳಲ್ಲಿ ಬಿಡಿಸಿದ. ಮೂಟೆಗಳು ನೆನೆದವು, ಒಂದೂ ಜಾರಲಿಲ್ಲ. ಆ ದಿನ ವರ್ತಕ ಹೊಟ್ಟೆತುಂಬ ಉಂಡು ನೆಮ್ಮದಿಯಾಗಿ ಮಲಗಿದ.

ಇಲ್ಲಿಯವರೆಗೆ ಅವನು ಎಲ್ಲಿಯೂ ತಪ್ಪಲಿಲ್ಲ, ನೋಡು ಸಾಂತಯ್ಯ. ಅಳೆದೂ ಸುರಿದೂ ಆರಿಸಿದ. ನೀನು ಕೇಳಿದ ಪ್ರಶ್ನೆಗೆ ಉತ್ತರ ಬೇಕಿದ್ದರೆ ಕತೆಯನ್ನು ಇಲ್ಲಿಗೇ ನಿಲ್ಲಿಸಬಹುದು. ಆದರೆ ಕತೆ ಇಲ್ಲಿಗೆ ನಿಲ್ಲಲಿಲ್ಲ.

ತೆಪ್ಪವನ್ನು ಮಂಜಿಗೆ ಏರಿಸಿದ ದಿನ ತಂಡೇಲ ವರ್ತಕನ ಬಳಿ ಬಂದ. "ಒಡೇರೆ, ಹೊರಡೋ ಮುಂಚೆ ಒಂದು ಸಲ ಎಲ್ಲರೂ ಇಲ್ಲೇ ರೇವಿನಲ್ಲಿ ನೀರಿಗಿಳಿದು ಇದ್ರ ಮೇಲೆ ಹತ್ತಿ ನೋಡ್ಬೇಕು. ನೀವೂ, ಮಗಳೂ. ಮರಳಿನ ಮೂಟೆಯನ್ನ ನಾವು ಇಟ್ಟದ್ದು, ಅದು ತಾನಾಗಿ ಹತ್ತಿದ್ದಲ್ಲ" ಎಂದ.

ವರ್ತಕ, "ಹತ್ತೋಣ. ಮೊದಲು ಪೂಜೆ ಆಗಲಿ" ಎಂದ.

ತಪ್ಪೇನಿದೆ? ನಮ್ಮಲ್ಲಿ ಬದುಕಿಗೆ ಆಸರೆಯಾದ ವಸ್ತುವಿಗೆಲ್ಲ ಪೂಜೆಯುಂಟು. ತೆಪ್ಪಕ್ಕೆ ಕುಂಕುಮ ಹಚ್ಚಿದರು, ಹೂ ಮುಡಿಸಿದರು, ಕಾಯಿ ಒಡೆದರು. ಪೂಜೆ ಮುಗಿಯಿತು. ತಂಡೇಲ ಮತ್ತೆ ಬಂದು ನಿಂತ. ವರ್ತಕ ತೆಪ್ಪ ನೋಡಿದ, ಕುಂಕುಮ ನೋಡಿದ, ತನ್ನ ಕಾಲು ನೋಡಿಕೊಂಡ. "ಈಗಷ್ಟೇ ಪೂಜೆಯಾಗಿದೆ. ಈಗಲೇ ತುಳಿಯುವುದೇ? ಇನ್ನೊಂದು ದಿನ ನೋಡೋಣ" ಎಂದ. ತಂಡೇಲ ಕೂಲಿಯವನು, ಹಾಯಿ ಕಟ್ಟಲು ಹೋದ.

ಮಂಜಿ ಹೊರಟಿತು. ಗಾಳಿ ಚೆನ್ನಾಗಿತ್ತು. ಮಗಳು ಬಹಳ ಸಂತೋಷದಲ್ಲಿದ್ದಳು. ದಿನವೂ ಮಿಂದು ಬಂದು ತೆಪ್ಪಕ್ಕೆ ಕುಂಕುಮ ಇಡುವ ಕೆಲಸವನ್ನು ಅಪ್ಪ ಅವಳಿಗೇ ಕೊಟ್ಟ. ನಾವಿಕರು ಅದರ ಹತ್ತಿರ ಹೋಗುವಾಗ ಕಾಲು ತಾಗದಂತೆ ಬಳಸಿ ಹೋಗತೊಡಗಿದರು. ಒಂದು ದಿನ ಬಿಸಿಲು ಹತ್ತಿದಾಗ ಮಗಳು ಅದರ ಅಂಚಿನ ಮೇಲೆ ಕೂತು ತಲೆ ಬಾಚಿಕೊಳ್ಳುತ್ತಿದ್ದಳು. ಅಪ್ಪ ನೋಡಿದ, ಗದರಿದ. ಅವಳು ಎದ್ದು, ತೆಪ್ಪವನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಅಂದಿನಿಂದ ಸೆರಗು ತಾಗಿದರೂ ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದು ಅವಳಿಗೆ ರೂಢಿಯಾಯಿತು.

ವರ್ತಕ ತನ್ನ ತಕ್ಕಡಿಗೂ ಪೂಜೆ ಮಾಡುತ್ತಿದ್ದ. ಆದರೆ ಮರುದಿನ ಬೆಳಿಗ್ಗೆ ಅದರಲ್ಲಿ ಅಕ್ಕಿ ತೂಗುತ್ತಿದ್ದ. ದುಡಿಯುವ ವಸ್ತುವಿನ ಕುಂಕುಮ ಕೆಲಸದಲ್ಲೇ ಒರೆಸಿ ಹೋಗುತ್ತದೆ. ತೆಪ್ಪಕ್ಕೆ ಕೆಲಸವಿರಲಿಲ್ಲ. ಅದರ ಮೇಲೆ ಕುಂಕುಮ ಪದರ ಕಟ್ಟುತ್ತ ಹೋಯಿತು.

ಒಂದು ಊರಿನ ಅಳಿವೆಯಲ್ಲಿ ಲಂಗರು ಹಾಕಿದಾಗ ನೀರು ತಟ್ಟೆಯಲ್ಲಿಟ್ಟ ಹಾಗೆ ಶಾಂತವಾಗಿತ್ತು. ತಂಡೇಲ ಕೊನೆಯ ಸಲ ಕೇಳಿದ. "ಇವತ್ತಾದರೂ ಹತ್ತಿ ನೋಡೋಣವಾ ಒಡೇರೆ? ಹೆದರಿಕೆ ಇಲ್ಲದಾಗ ಹತ್ತಿದ ಕಾಲು ಹೆದರಿಕೆ ಬಂದಾಗಲೂ ಹತ್ತುತ್ತದೆ."

ವರ್ತಕನಿಗೆ ಸಿಟ್ಟು ಬಂತು. "ನಿನಗೆ ಭಕ್ತಿಯೇ ಇಲ್ಲವೋ?" ಎಂದ.

ವಾಪಸು ಬರುವಾಗ, ಮನೆ ಇನ್ನು ದೂರವಿಲ್ಲ ಎನ್ನುವಾಗ, ಮಟಮಟ ಮಧ್ಯಾಹ್ನ ಮಂಜಿಯ ಅಡಿ ನೀರೊಳಗಿನ ಬಂಡೆಗೆ ತಾಗಿತು. ಹಲಗೆಗಳು ಬಿಟ್ಟವು. ನೀರು ಒಳಗೆ ನುಗ್ಗಿತು. ತಂಡೇಲ ಹಗ್ಗ ಕಡಿದು ತೆಪ್ಪವನ್ನು ಮಂಜಿಯ ಮಗ್ಗುಲಿಗೆ ಇಳಿಸಿದ. ಹಗುರ ಮರವಾದ್ದರಿಂದ ಅದು ಬೇಗ ಇಳಿಯಿತು. ನೀರಿನ ಮೇಲೆ ನೆಟ್ಟಗೆ ನಿಂತಿತು. ವರ್ತಕ ಅಳೆದದ್ದೆಲ್ಲ ಸರಿಯಾಗಿತ್ತು.

ತಂಡೇಲ ನೀರಿಗೆ ಹಾರಿ, ತೆಪ್ಪ ದೂರ ಹೋಗದಂತೆ ಒಂದು ಕೈಯಲ್ಲಿ ಅದನ್ನೂ ಇನ್ನೊಂದು ಕೈಯಲ್ಲಿ ಮಂಜಿಯ ಹಗ್ಗವನ್ನೂ ಹಿಡಿದ. ನಾವಿಕರೂ ಹಾರಿದರು. ಕುಣಿಕೆಗಳನ್ನು ಹಿಡಿದು ನೇತಾಡಿದರು, ಮೇಲೆ ಹತ್ತಲಿಲ್ಲ. ಪ್ರಾಣ ಹೋಗುವ ಹೊತ್ತಿನಲ್ಲೂ ಅವರ ಕಾಲು ಹಿಂದೆಮುಂದೆ ನೋಡಿತು. ವರ್ತಕ ಮಗಳನ್ನು ಅಂಚಿಗೆ ತಳ್ಳಿ, "ಇಳಿ ಮಗಾ" ಎಂದ.

ಮಗಳು ಅಂಚಿಗೆ ಬಂದಳು. ಮಂಜಿ ಆಗಲೇ ತಗ್ಗಿತ್ತು, ಕೈಗೆಟಕುವಷ್ಟು ಕೆಳಗೆ ತೆಪ್ಪವಿತ್ತು. ಬೆಳಿಗ್ಗೆ ಅವಳೇ ಇಟ್ಟ ಕುಂಕುಮ ಇನ್ನೂ ಕೆಂಪಾಗಿತ್ತು. ಅವಳು ಒಂದು ಕಾಲು ಎತ್ತಿದಳು, ಕೆಳಗಿಡಲಿಲ್ಲ. ಮೊದಲು ಬಗ್ಗಿ, ತೆಪ್ಪವನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳಲು ಕೈ ಚಾಚಿದಳು.

ಅಷ್ಟು ಹೊತ್ತೇ ಸಾಕಾಯಿತು. ಒಂದು ಅಲೆ ಎದ್ದಿತು, ತಂಡೇಲನ ಕೈಯಿಂದ ಹಗ್ಗ ಕಿತ್ತುಕೊಂಡಿತು, ತೆಪ್ಪ ಒಂದು ಮಾರು ಆಚೆ ಸರಿಯಿತು. ಅವಳ ಕೈಗೆ ಸಿಕ್ಕಿದ್ದು ನೀರು. ಮುಗ್ಗರಿಸಿ ಬಿದ್ದಳು. ಅವಳ ಮೇಲೆಯೇ ಮಂಜಿ ಮಗ್ಗುಲಾಯಿತು, ವರ್ತಕನೂ ನೀರಿಗೆ ಬಿದ್ದ. ತಂಡೇಲ ಮುಳುಗಿ ಹುಡುಕಿದ, ಮತ್ತೆ ಮುಳುಗಿ ಹುಡುಕಿದ. ಕೊನೆಗೆ ಸಿಕ್ಕಿದ್ದು ವರ್ತಕನ ಜುಟ್ಟು. ಹಿಡಿದೆಳೆದು ತೆಪ್ಪದ ಮೇಲೆ ಹಾಕಿದ. ಆಮೇಲೆ ನಾವಿಕರನ್ನು ಬೈದು ಬೈದು ಹತ್ತಿಸಿದ.

ಎಲ್ಲರೂ ಹತ್ತಿದ ಮೇಲೂ ತೆಪ್ಪದ ಮೇಲೆ ಒಬ್ಬರ ಜಾಗ ಖಾಲಿ ಇತ್ತು. ವರ್ತಕ ಆ ಜಾಗವನ್ನು ನೋಡಿದ. ಅವನೇ ತೂಗಿ, ಅಳೆದು, ಹೇಳಿ ಬಿಡಿಸಿದ್ದ ಜಾಗ ಅದು. ದಡ ಮುಟ್ಟುವವರೆಗೂ ಅವನು ಬೇರೆ ಕಡೆ ನೋಡಲಿಲ್ಲ. ಆ ತಂದೆಗೆ ಆದ ದುಃಖವನ್ನು ನಾನು ವರ್ಣಿಸುವುದಿಲ್ಲ, ವರ್ಣಿಸಿದರೆ ಅದು ಕಡಿಮೆಯಾದೀತು.

ತೆಪ್ಪ ಒಂದು ಕೇರಿಯ ದಡಕ್ಕೆ ಬಂದು ಬಿತ್ತು. ಕೇರಿಯವರು ಓಡಿ ಬಂದರು. ಇಷ್ಟು ಜನರನ್ನು ಉಳಿಸಿದ ತೆಪ್ಪ ಸಾಮಾನ್ಯದ್ದಲ್ಲ ಎಂದರು. ಹೆಂಗಸರು ಕುಂಕುಮದ ಬಟ್ಟಲು ತಂದರು. ವರ್ತಕ ಆಗ ಮೊದಲ ಸಲ ಎದ್ದ. ಬೊಗಸೆಯಲ್ಲಿ ಕಡಲ ನೀರು ತಂದು ತಂದು ತೆಪ್ಪದ ಮೇಲಿನ ಹಳೆಯ ಕುಂಕುಮವನ್ನು ತಿಕ್ಕಿ ತೊಳೆದ. ಮರದ ಬಣ್ಣ ಕಾಣುವವರೆಗೂ ತೊಳೆದ. ಯಾರ ಮಾತಿಗೂ ನಿಲ್ಲಲಿಲ್ಲ.

ಅವನು ಮತ್ತೆ ವ್ಯಾಪಾರ ಮಾಡಲಿಲ್ಲ. ತೆಪ್ಪವನ್ನು ತನ್ನ ರೇವಿಗೆ ತರಿಸಿ ನೀರಿನಲ್ಲಿ ಕಟ್ಟಿದ. ಹೊರಡುವ ಪ್ರತಿ ಮಂಜಿಯ ಮುಂದೆ ಹೋಗಿ ನಿಲ್ಲುತ್ತಿದ್ದ. ಒಡೆಯನಿರಲಿ, ಹೆಂಗಸಿರಲಿ, ಮುದುಕರಿರಲಿ, ನೀರಿಗಿಳಿದು ಅದರ ಮೇಲೆ ಹತ್ತಿ ಬಾರದೆ ಹಗ್ಗ ಬಿಚ್ಚಲು ಬಿಡುತ್ತಿರಲಿಲ್ಲ. ಒದ್ದೆಯಾದವರು ಬೈದರು. ಮಗಳು ಹೋದ ಮೇಲೆ ತಲೆ ಕೆಟ್ಟಿದೆ ಎಂದರು. ಯಾರಾದರೂ ಹತ್ತುವ ಮುಂಚೆ ಬಗ್ಗಿ ಕೈ ಚಾಚಿದರೆ ಅವನು ಆ ಕೈಯನ್ನು ಹಿಡಿದು ನಿಲ್ಲಿಸುತ್ತಿದ್ದ. "ತುಳೀರಿ. ಮೊದಲು ತುಳೀರಿ" ಎನ್ನುತ್ತಿದ್ದ. ಆ ರೇವಿನ ಮಂಜಿಗಳೆಲ್ಲ ತಮ್ಮದೇ ಒಂದು ತೆಪ್ಪ ಇಟ್ಟುಕೊಳ್ಳತೊಡಗಿದವು. ಅಲ್ಲಿಂದ ಹೋದ ಮಂಜಿಗಳು ಆಮೇಲೂ ಮುಳುಗಿದವು, ಕಡಲೆಂದರೆ ಹಾಗೆಯೇ. ಆದರೆ ತೆಪ್ಪ ಪಕ್ಕದಲ್ಲಿದ್ದೂ ಸತ್ತವರ ಸುದ್ದಿ ಮತ್ತೆ ಬರಲಿಲ್ಲ.

ಗುರುಗಳು ಕತೆ ಮುಗಿಸಿದರು. ಬಿಡಿಸಿದ ಸೊಪ್ಪನ್ನು ಬುಟ್ಟಿಗೆ ತುಂಬಿದರು.

ಸಾಂತಯ್ಯನ ಕಣ್ಣು ತುಂಬಿತ್ತು. ಎದ್ದು, ಗುರುಗಳ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡ. "ಎಂಥ ಮಾತು ಹೇಳಿದಿರಿ ಗುರುಗಳೇ. ಇಂದಿನಿಂದ ದಿನವೂ ಸ್ನಾನವಾದ ಮೇಲೆ ಕೈಮುಗಿದು ಕೂತು ಈ ಕತೆಯನ್ನು ಒಂದು ಅಕ್ಷರ ಬಿಡದೆ ಪಠಿಸುತ್ತೇನೆ" ಎಂದ.

ಗುರುಗಳು ಬುಟ್ಟಿ ಎತ್ತಿಕೊಂಡು ಹೇಳಿದರು: "ಇದಕ್ಕೂ ಕುಂಕುಮ ಹಚ್ಚಿಬಿಟ್ಟೆಯಲ್ಲ, ಸಾಂತಯ್ಯ."