ಅವ್ವನ ಹುಣಸೆಮರದ ಇದ್ದಿಲು

"ಗುರುಗಳೇ, ಕ್ಷಮಿಸಬೇಕೆಂದು ಕುಳಿತವನ ಬಾಯಲ್ಲಿ ಬೈಗುಳವೇ ಏಕೆ ಬರುತ್ತದೆ?" ಎಂದು ಮುರಿಗೆಪ್ಪ ಕೇಳಿದ.

ಅವನು ಮಠದ ಶಿಷ್ಯ. ಅವ್ವ ತೀರಿಕೊಂಡಾಗ ಊರಲ್ಲಿದ್ದ ಅಣ್ಣ ಇವನಿಗೆ ಹೇಳಿಕಳಿಸಿರಲಿಲ್ಲ. ಮಣ್ಣು ಮಾಡಿದ ಮೇಲೆ ಸುದ್ದಿ ಬಂದಿತ್ತು. ಕೊನೆಗೊಮ್ಮೆ ಅವ್ವನ ಮುಖ ನೋಡಲಿಲ್ಲವೆಂಬ ಸಂಕಟ ಅವನನ್ನು ಬಿಟ್ಟಿರಲಿಲ್ಲ. ಈಗ ಅವನ ಬಗಲಲ್ಲಿ ಬಟ್ಟೆಯ ಗಂಟಿತ್ತು.

"ಮೊದಮೊದಲು ಧ್ಯಾನಕ್ಕೆ ಕುಳಿತರೆ ಅಳು ಬರುತ್ತಿತ್ತು. ಈಗ ಬರೀ ಹೊಲಸು ಮಾತು. ನನಗೇ ಹೇಸಿಗೆಯಾಗುತ್ತದೆ. ಕ್ಷಮೆ ನನ್ನ ಕೈಲಾಗದ ಕೆಲಸ. ಊರಿಗೆ ಹೋಗಿ ಅಣ್ಣನ ಮುಖಕ್ಕೇ ಎಲ್ಲ ಅಂದುಬಿಡುತ್ತೇನೆ, ಅಪ್ಪಣೆ ಕೊಡಿ."

"ಅಪ್ಪಣೆ ಕೇಳುವವನು ಗಂಟು ಕಟ್ಟಿಕೊಂಡೇ ಬರುತ್ತಾನೇನೋ?" ಎಂದು ಗುರುಗಳು ರೇಗಿದರು. "ಅದನ್ನು ಕೆಳಗಿಡು. ಕೂತು ಕೇಳು."

ಒಬ್ಬ ಇದ್ದಿಲು ಸುಡುವವನಿದ್ದ. ಅವನ ತಾಯಿ ನೆಟ್ಟ ಹುಣಸೆಮರವೊಂದು ಹಿತ್ತಲಲ್ಲಿತ್ತು. ತಾಯಿ ಹೋದಳು, ಮರ ಉಳಿಯಿತು. ಒಂದು ಬೇಸಿಗೆಯ ಗಾಳಿಗೆ ಅದೂ ಬುಡಮೇಲಾಯಿತು. ಊರಿನ ಕಮ್ಮಾರ ಬಂದು, "ನಿಮ್ಮವ್ವನ ಮರವನ್ನು ಒಲೆಗೆ ಹಾಕಿ ಮುಗಿಸಬೇಡ. ಇದ್ದಿಲು ಮಾಡಿ ಕೊಡು. ಆ ಕೆಂಡದಲ್ಲೇ ಊರಿನ ನೇಗಿಲ ಕುಳಗಳನ್ನೆಲ್ಲ ಬಡಿಯುತ್ತೇನೆ. ಆಕೆ ಪ್ರತಿ ಹೊಲದಲ್ಲೂ ಇರುತ್ತಾಳೆ," ಎಂದ. ಇದ್ದಿಲಿನವನ ಕಣ್ಣು ತುಂಬಿತು. ಇರುವುದು ಒಂದೇ ಮರ. ಕೆಟ್ಟರೆ ಇನ್ನೊಂದಿಲ್ಲ.

ಕೊರಡುಗಳನ್ನು ಒತ್ತಾಗಿ ನಿಲ್ಲಿಸಿದ. ಮೇಲೆ ಹುಲ್ಲು ಹೊದಿಸಿ, ಹಸಿಮಣ್ಣು ಮೆತ್ತಿ ಗೂಡು ಮಾಡಿದ. ಬುಡದಲ್ಲಿ ಕಿಚ್ಚಿಟ್ಟ. ಕಿಚ್ಚು ಹತ್ತಿದ ಮೇಲೆ ಬುಡದ ಕಂಡಿಗಳನ್ನು ಮುಚ್ಚಿ, ನೆತ್ತಿಯಲ್ಲಿ ಹೊಗೆ ಹೋಗಲು ಒಂದು ತೂತು ಬಿಟ್ಟ. ಅವರ ಕಸುಬಿನ ಗುಟ್ಟು ಇಷ್ಟೇ, ತಮ್ಮಾ: ಗಾಳಿ ಸಿಕ್ಕ ಕಟ್ಟಿಗೆ ಉರಿದು ಬೂದಿಯಾಗುತ್ತದೆ. ಗಾಳಿ ಸಿಗದ ಕಟ್ಟಿಗೆ ಬೆಂದು ಇದ್ದಿಲಾಗುತ್ತದೆ. ಅವರಲ್ಲಿ ಒಂದು ಕಟ್ಟಳೆಯೂ ಉಂಟು. ಗೂಡು ಹೊಗೆಯಾಡುವಾಗ ಮನೆಯವರು ಯಾರೂ "ಆಯಿತೇ?" ಎಂದು ಕೇಳಬಾರದು. ಕೇಳಿದರೆ ಸುಡುವವನ ಕೈ ಸುಮ್ಮನಿರುವುದಿಲ್ಲ, ಗೂಡು ಬಗೆದು ನೋಡಿಬಿಡುತ್ತದೆ.

ಮೊದಲು ಬಿಳಿ ಹೊಗೆ ಬಂತು. ಅದು ಮರದೊಳಗಿನ ನೀರು, ಅನ್ನದ ಗಡಿಗೆಯ ಆವಿಯಂತೆ. ಇದ್ದಿಲಿನವನು ನೆಮ್ಮದಿಯಿಂದ ನೋಡುತ್ತ ಕುಳಿತ. ಆಮೇಲೆ ಹೊಗೆ ಹಳದಿಗೆ ತಿರುಗಿತು. ಕಣ್ಣುರಿ, ಗಂಟಲುರಿ, ಹುಳಿ ನಾತ. ಮಣ್ಣಿನ ಸಂದಿಯಿಂದ ಕರಿಯ ಜಿಡ್ಡು ಇಳಿಯಿತು. ಆಗ ಒಳಗೆ ನಾರು ಕಳಚಿಕೊಳ್ಳುತ್ತಿರುತ್ತದೆ, ಮರ ತನ್ನ ಕಾವಿಗೆ ತಾನೇ ಬೇಯುತ್ತಿರುತ್ತದೆ. ಅವನಿಗೆ ಇದು ಗೊತ್ತಿಲ್ಲದ್ದೇನಲ್ಲ, ಎಷ್ಟೋ ಗೂಡು ಸುಟ್ಟವನು. ಆದರೆ ಇದು ಅವ್ವನ ಮರ. ಅವ್ವನ ಮರ ಇಷ್ಟು ನಾರುತ್ತದೆಂದು ಅವನು ಎಣಿಸಿರಲಿಲ್ಲ.

"ಒಳಗೇ ಕೊಳೆತಿತ್ತೇನೋ, ಒಮ್ಮೆ ನೋಡಿಬಿಡುತ್ತೇನೆ," ಎಂದು ಗುದ್ದಲಿ ಎತ್ತಿದ.

ಹೆಂಡತಿ ಅಡ್ಡ ಬಂದಳು. "ಅಯ್ಯೋ, ನಿಮಗೆ ಕೈ ಮುಗಿಯುತ್ತೇನೆ, ಬೇಡ. ಹೊಗೆ ನೀಲಿಗೆ ಬಂದು ತಿಳಿಯಾಗಲಿ, ಆಗಲೇ ಇದ್ದಿಲು ಆದಂತೆ."

"ನಿನಗೇನು ಗೊತ್ತು? ಆಕೆ ನನ್ನ ತಾಯಿ!" ಎಂದು ಅವಳನ್ನು ಸರಿಸಿ ಗೂಡಿಗೆ ಗುದ್ದಲಿ ಹಾಕಿದ.

ಕೊರಡುಗಳು ಕಂಡವು. ಅರೆಗಪ್ಪು, ಗಟ್ಟಿ, ಒಂದೂ ಕೊಳೆತಿರಲಿಲ್ಲ. ಅಷ್ಟು ನೋಡುವುದರೊಳಗೆ ಗಾಳಿ ನುಗ್ಗಿತು, ಗೂಡೆಲ್ಲ ಭುಗಿಲೆಂದಿತು. ಮಣ್ಣು ಹಾಕಿದ, ನೀರು ಸುರಿದ, ಕೈ ಸುಟ್ಟುಕೊಂಡ. ಉರಿ ಕೇಳಲಿಲ್ಲ. ಕಮ್ಮಾರ ಬುಟ್ಟಿ ಹಿಡಿದು ಬಂದಾಗ ಅಲ್ಲಿದ್ದದ್ದು ಬೂದಿ. ಪಾಪ, ಇದ್ದಿಲಿನವನು ಆ ಬೂದಿಯ ಪಕ್ಕ ಕುಳಿತು, ತಾಯಿ ಸತ್ತ ದಿನವೂ ಅಳದಷ್ಟು ಅತ್ತ.

ಗುರುಗಳು ಕತೆ ನಿಲ್ಲಿಸಿದರು. ಮುರಿಗೆಪ್ಪ ತಲೆ ತಗ್ಗಿಸಿ, "ಹಾಗಾದರೆ ನನ್ನ ಹೊಗೆ ತಿಳಿಯಾಗುವುದು ಯಾವಾಗ?" ಎಂದ.

"ಕೇಳಬಾರದೆಂದು ಈಗಷ್ಟೇ ಹೇಳಲಿಲ್ಲವೇನೋ?"

ಗುರುಗಳು ಗಂಟನ್ನು ತಾವೇ ಎತ್ತಿ ಅವನ ಕೈಗೆ ಕೊಟ್ಟರು.

"ಹೋಗುವುದಾದರೆ ಹೋಗು, ನಿನ್ನೊಳಗೆ ಉಳಿದಿರುವ ಅವ್ವನನ್ನು ಮಾತ್ರ ಅಣ್ಣನ ಅಂಗಳದಲ್ಲಿ ಬೂದಿ ಮಾಡಿ ಬರಬೇಡ."