ನೆಟ್ಟಿಗೆ ಕಾವಲು ಕೂತ ಗುರುಪಾದ

ಗುಳೇದಗುಡ್ಡದಲ್ಲಿ ಶಾಂತವ್ವ ಅಂತ ಒಬ್ಬಳಿದ್ದಳು, ಅವಳಿಗೆ ಗುರುಪಾದ ಅಂತ ಒಬ್ಬ ಮಗನಿದ್ದ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಇದ್ದರೆ ಅಂಥ ಮಗ ಇರಬೇಕು ಅಂತೀರಾ? ಶಾಂತವ್ವನನ್ನು ಕೇಳಿ ನೋಡಿ.

ಶಾಂತವ್ವನದು ಖಣದ ವ್ಯಾಪಾರ. ಮನೆಯಲ್ಲೇ ಕೂತು, ಫೋನಿನ ವಿಡಿಯೋದಲ್ಲಿ ಕುಪ್ಪಸದ ಖಣ ಬಿಡಿಸಿ ಬಿಡಿಸಿ ತೋರಿಸಿ ಮಾರುತ್ತಿದ್ದಳು. ಸಾಂಗ್ಲಿಯ ಇಂದುಬಾಯಿ ಮಗಳ ಮದುವೆಯಲ್ಲಿ ಉಡಿ ತುಂಬುವ ಖಣವನ್ನೆಲ್ಲ ಇವಳ ಹತ್ತಿರವೇ ಕೊಳ್ಳುವವಳಿದ್ದಳು. ಶುಕ್ರವಾರ ವಿಡಿಯೋದಲ್ಲಿ ಆರಿಸುತ್ತೇನೆ, ಆಗದಿದ್ದರೆ ಬೇರೆ ಅಂಗಡಿ ನೋಡುತ್ತೇನೆ ಅಂದಿದ್ದಳು. ಇಂಥ ಹೊತ್ತಿನಲ್ಲೇ ಮನೆಯ ನೆಟ್ಟು ತೆವಳತೊಡಗಿತು. ಮಾತಿನ ನಡುವೆ ಪಟ್ಟನೆ ಕಡಿದೂ ಹೋಗುತ್ತಿತ್ತು. ಶಾಂತವ್ವನಿಗೆ ಅನ್ನ ಸೇರದಾಯಿತು.

ನೆಟ್ಟು ಹಾಕಿಕೊಟ್ಟ ಸೋಮಲಿಂಗನಿಗೆ ಫೋನು ಮಾಡಿದರು. "ಏನರ ನಿಂತ್ರ ಆಫ್ ಮಾಡೋ ತಮ್ಮಾ. ಒಂದೀಟು ತಡದು ಆನ್ ಮಾಡು" ಅಂದ. ಗುರುಪಾದ ನೆಟ್ಟಿನ ಡಬ್ಬಿ ಆಫ್ ಮಾಡಿ ಆನ್ ಮಾಡಿದ. ನೆಟ್ಟು ಬಂತು.

ಮರುದಿನ ಶಾಂತವ್ವ ವಿಡಿಯೋದಲ್ಲಿ ಖಣ ತೋರಿಸುತ್ತ, ನೀರು ಕುಡಿಯಲು ಮಾತು ನಿಲ್ಲಿಸಿದಳು. ಗುರುಪಾದ ಓಡಿಬಂದು ಅವಳ ಫೋನು ಆಫ್ ಮಾಡಿದ.

"ಯಾಕ ಆರಿಸಿದ್ಯೋ?"

"ನೀ ನಿಂತಿದ್ದಿ ಅವ್ವಾ. ಒಂದೀಟು ತಡಿ, ಹಚ್ಚತೀನಿ."

"ನನ್ನ ಹೊಟ್ಟಿಗೆ ಎಲ್ಲಿ ಹುಟ್ಟಿದ್ಯೋ. ಇನ್ನ ಏನೂ ಆರಿಸಬ್ಯಾಡ. ವಿಡಿಯೋ ಇನ್ನೂ ನಡುನಡುವ ಕಡೀತೈತಿ ಅಂತ ಸೋಮಲಿಂಗ ನೋಡಾಕ ಬರತಾನ, ಅವಾ ಹೇಳಿದಂಗ ಮಾಡು."

ಸೋಮಲಿಂಗ ಬಂದ. ಡಬ್ಬಿಯೊಳಗೆ ಫೈರ್‌ವಾಲ್ ಅಂತ ಒಂದು ಕಾವಲು ಇರುತ್ತದೆ, ನೆಟ್ಟಿನಲ್ಲಿ ಹೋಗಿಬರುವುದನ್ನೆಲ್ಲ ತಡೆದು ನೋಡುತ್ತದೆ, ನಿಮ್ಮ ವಿಡಿಯೋವನ್ನೂ ಅದೇ ಹಿಡಿದು ನಿಲ್ಲಿಸುತ್ತಿದೆ ಅಂತ ತಿಳಿಸಿ ಹೇಳಿದ. ವಿಡಿಯೋಕ್ಕೆ ದಾರಿ ಬಿಟ್ಟುಕೊಟ್ಟು, "ಹಂಗಂತ ಕಾವಲು ತಗೀಬ್ಯಾಡ ಮತ್ತ. ಗುರ್ತಿಲ್ಲದವರನ್ನ ಒಳಗ ಬಿಡಬಾರದು" ಅಂದು ಹೋದ.

ಸಂಜೆ ಬಾದಾಮಿಯಿಂದ ಇಬ್ಬರು ಹೆಣ್ಣುಮಕ್ಕಳು ಖಣ ಕೊಳ್ಳಲು ಬಂದರು. ಗುರುಪಾದ ಹೊಸ್ತಿಲಿಗೆ ಅಡ್ಡ ಕಾಲು ಚಾಚಿ ಕೂತಿದ್ದ.

"ಯಾರು ನೀವು?"

"ಗಿರಾಕಿ."

"ಗುರ್ತಿಲ್ಲ. ಹೋಗ್ರಿ."

ಹೋದರು. ಶಾಂತವ್ವ ಹಣೆ ಹಣೆ ಬಡಿದುಕೊಂಡಳು. "ಮನಿಗೆ ಬಂದ ಹೆಣ್ಣಮಕ್ಕಳನ್ನ ಕುಂಕುಮ ಕೊಡದ ಕಳಿಸಿದೆಲ್ಲೋ. ಬಾಗಲಿಗೆ ಬಂದು ಕೇಳಿದವರಿಗೆ ಇಲ್ಲ ಅನಬಾರದು."

ಆಗಲಿ ಅಂದ. ಮರುದಿನ ಎದುರು ಮನೆಯವನು ಬಂದು ನೆಟ್ಟಿನ ಪಾಸ್‌ವರ್ಡ್ ಕೇಳಿದ. ಗುರುಪಾದ ಕುಂಕುಮ ಹಚ್ಚಿ ಪಾಸ್‌ವರ್ಡ್ ಕೊಟ್ಟ. ಅವನು ಹೋಗಿ ಹೇಳಿದ, ಇಡೀ ಓಣಿ ಬಂತು. ಎಲ್ಲರ ಹಣೆಗೂ ಕುಂಕುಮ, ಎಲ್ಲರ ಫೋನಿಗೂ ನೆಟ್ಟು. ಕಟ್ಟೆಯ ಮೇಲೆ ಒಬ್ಬರದು ಸಿನಿಮಾ, ಒಬ್ಬರದು ಕ್ರಿಕೆಟ್ಟು. ಶಾಂತವ್ವನ ವಿಡಿಯೋ ಮಾತ್ರ ಗರಗರ ತಿರುಗುತ್ತ ಕೂತಿತು.

ಶುಕ್ರವಾರ ಬಂತು. ಶಾಂತವ್ವ ಅತ್ತೇಬಿಟ್ಟಳು. "ಇವತ್ತ ಇಂದುಬಾಯಿ ಕೈ ತಪ್ಪಿದ್ರ ಇಷ್ಟ ಖಣಾ ತಗೊಂಡು ಏನ ಮಾಡ್ಲೋ? ಸೋಮಲಿಂಗನ್ನ ಕೇಳು."

ಸೋಮಲಿಂಗ ಫೋನಿನಲ್ಲೇ ಹೇಳಿಕೊಟ್ಟ. "ನೆಟ್ಟಿನ ಮ್ಯಾಲ ಯಾರ್ಯಾರ ಅದಾರ ಅಂತ ನಿನ್ನ ಫೋನಿನ್ಯಾಗ ಕಾಣತೈತಿ. ಒಬ್ಬೊಬ್ಬರನ್ನ ಬಂದ್ ಮಾಡಿ ನೋಡು. ಯಾರನ್ನ ಬಂದ್ ಮಾಡಿದಾಗ ನೆಟ್ಟು ಭಾಳ ಜೋರ್ ಆಗತೈತಿ, ಎಲ್ಲಾ ನುಂಗಾವ ಅವನ. ಅವಂಗ ಫೈರ್‌ವಾಲಿನ್ಯಾಗ ಬಾಗಲಾ ಹಾಕು. ನಮ್ಮವರಂತ ಕನಿಕರಾ ತೋರಸಬ್ಯಾಡ."

ಗುರುಪಾದ ಓಣಿಯವರನ್ನೆಲ್ಲ ಒಬ್ಬೊಬ್ಬರಾಗಿ ಬಂದ್ ಮಾಡಿದ. ವಿಡಿಯೋ ಹರಿಯತೊಡಗಿತು. ಇಂದುಬಾಯಿ ಒಂದೊಂದೇ ಖಣ ಮೆಚ್ಚಿಕೊಂಡಳು. ಶಾಂತವ್ವನಿಗೆ ಹೋದ ಜೀವ ಬಂದ ಹಾಗಾಯಿತು. "ಹಂಗಾರ ಎಲ್ಲಾನೂ" ಅಂತ ಇಂದುಬಾಯಿ ಬಾಯಿ ತೆರೆದಳು. ತೆರೆದ ಬಾಯಿ ತೆರೆದ ಹಾಗೇ ನಿಂತಿತು.

ಗುರುಪಾದ ಕುಣಿಯುತ್ತ ಬಂದ. "ಸಿಕ್ತು ಅವ್ವಾ. ಓಣಿಯವರನ್ನ ತಗದಾಗ ಒಂದ ಚೂರು ಜೋರ್ ಆತು. ನಿನ್ನ ಫೋನ್ ತಗದೆ ನೋಡು, ಹೆಂಗ ಓಡಾಕತ್ತೈತಿ. ಎಲ್ಲಾ ನುಂಗಾಕಿ ನೀನ ಇದ್ದಿ."

"ತಗಿಯೋ ಬಾಗಲಾ. ಈಗಿಂದೀಗ ತಗೀ."

"ನಮ್ಮವರಂತ ಕನಿಕರಾ ತೋರಸಬ್ಯಾಡ ಅಂದಾನ."

ಅಷ್ಟರಲ್ಲಿ ಗುರುಪಾದನ ಫೋನು ಹೊಡೆದುಕೊಂಡಿತು. ಇಂದುಬಾಯಿ ಕಾದು ಸಾಕಾಗಿ ಅವನಿಗೆ ಹಚ್ಚಿದ್ದಳು. ಶಾಂತವ್ವ ಕಸಿದುಕೊಳ್ಳುವ ಮೊದಲೇ ಅವನು ಬಹಳ ಮರ್ಯಾದೆಯಿಂದ ಮಾತಾಡಿದ.

"ಹೌದ್ರಿ ಅಕ್ಕಾರ, ನೆಟ್ಟು ಈಗ ಭಾಳ ಚಲೋ ಆಗೇತ್ರಿ. ನಮ್ಮವ್ವನ್ನ ತಗದ ಒಗದೇನ್ರಿ. ಇನ್ನ ನೀವು ಬ್ಯಾರೆ ಅಂಗಡಿಯವರ ಜೋಡಿ ಆರಾಮ ಮಾತಾಡ್ರಿ."

ಇಂದುಬಾಯಿ ಮಾತಾಡಿಯೂ ಬಿಟ್ಟಳು.