ಎರಡು ಮೊಲದ ಗೂಡು

ಲ, ಳ ತಪ್ಪಿದವರ ಕಿವಿ ಹಿಂಡುವುದರಲ್ಲಿ ಹೆಡ್‌ಮಾಸ್ತರ್ ತಿರುಮಲಾಚಾರ್ಯರಿಗೆ ಸಮನಿಲ್ಲ. ಅವರು ಹಿಂಡಿದ ಕಿವಿಗಳನ್ನು ಸಾಲಾಗಿ ಇಟ್ಟಿದ್ದರೆ ಜಿಲ್ಲಾ ಕಚೇರಿ ಮುಟ್ಟುತ್ತಿತ್ತು. ನಂಬದಿದ್ದರೆ ನಮ್ಮೂರಿನವರ ಕಿವಿ ನೋಡಿ.

ಅವರ ಶಾಲೆಯಲ್ಲಿ ಮಕ್ಕಳ ಮುದ್ದಿನ ಮೊಲವೊಂದಿತ್ತು. ಇಕ್ಕಟ್ಟಾದ ತಂತಿಗೂಡಿನಲ್ಲಿ ಕೂತು ಕೂತು ಅದರ ಪಾದವೆಲ್ಲ ಹುಣ್ಣು. ದಿನಕ್ಕೆ ಐದು ಸಲ ಗೂಡು ತೊಳೆದು ಜವಾನನ ತಲೆ ಕೆಟ್ಟುಹೋಗಿತ್ತು.

ಇನ್‌ಸ್ಪೆಕ್ಟರ್ ಬರುತ್ತಾರೆಂದು ಹೊಸ ಗೂಡು ಮಾಡಲು ಮಾಸ್ತರರಿಂದ ಜವಾನನಿಗೆ ಅಪ್ಪಣೆಯಾಯಿತು. "ಎರಡು ಮೊಳ ಸಾಕು. ಕಿಟಕಿ ಕಟ್ಟೆ ಮೇಲೆ ಅಂದವಾಗಿ ಕೂರಬೇಕು."

"ಅಯ್ಯೋ ಸ್ವಾಮಿ, ಒಂದು ಸಲ ನೆಗೆದರೆ ಮೂಗು ಬಡಿಯುತ್ತೆ. ಹುಣ್ಣು ಮಾಯೋದು ಯಾವಾಗ?"

"ನಂಗೇ ಪಾಠವೇನೋ? ಬರೆದು ಕೊಡ್ತೀನಿ, ಅಕ್ಷರ ತಪ್ಪದೆ ಮಾಡು. ತಪ್ಪಿದರೆ ಕೆಲಸಕ್ಕೆ ಬರಬೇಡ!"

ಸಿಟ್ಟಿನಲ್ಲಿ ಗೀಚಿದ ಚೀಟಿಯಲ್ಲಿ ಳ ಇರಬೇಕಾದ ಕಡೆ ಲ ಕೂತಿತ್ತು: "ಎರಡು ಮೊಲದ ಗೂಡು." ಜವಾನ ಎರಡು ಸಲ ಓದಿ, ಜೋಪಾನವಾಗಿ ಮಡಿಚಿ ಜೇಬಿಗಿಟ್ಟುಕೊಂಡ.

ಇನ್‌ಸ್ಪೆಕ್ಟರ್ ಬಂದಾಗ ಅರ್ಧ ವರಾಂಡ ತುಂಬ ಗೂಡೇ. ಹಲಗೆಯ ನೆಲ, ಮೆತ್ತನೆ ಒಣಹುಲ್ಲು, ಒಳಗೆ ಮೊಲದ ಕುಣಿತ.

"ಎರಡು ಮೊಳ ಅಂದರೆ ಈ ಅರಮನೆಯೇನೋ, ಕತ್ತೆ!" ಮಾಸ್ತರರು ಗುಡುಗಿದರು.

ಜವಾನ ಚೀಟಿಯನ್ನು ಇನ್‌ಸ್ಪೆಕ್ಟರರ ಕೈಗಿತ್ತ. "ತಾವೇ ಓದಿ ಸ್ವಾಮಿ. ಎರಡು ಮೊಲದ ಗೂಡು ಅಂತಿದೆ. ನಮ್ಮ ಮಾಸ್ತರ್ರು ಅಕ್ಷರ ತಪ್ಪೋರಾ?"

ಮಾಸ್ತರರ ಮುಖ ಕೆಂಪಾಯಿತು, ಬೆಳ್ಳಗಾಯಿತು. "ಹೌದು ಹೌದು, ಎರಡು ಮೊಲವೇ! ಇನ್ನೊಂದನ್ನ ನಾಳೆ ತರಿಸ್ತೀನಿ."

"ಇದು ಹೆಣ್ಣು ಸ್ವಾಮಿ," ಎಂದ ಜವಾನ. "ಬರೋದೂ ಹೆಣ್ಣೇ ಆಗಲಿ. ಇಲ್ಲಾಂದ್ರೆ ಬರೋ ತಿಂಗಳು ಹನ್ನೆರಡು ಮೊಲದ ಗೂಡು ಅಂತ ಬರೀಬೇಕಾಗುತ್ತೆ."